ಮೈನಸ್ ನಲವತ್ತರ ಮಹಾಶಯರಿಗೆ, ತಮಾಲೆಯ ಬಿಸಿಲಿನಿಂದ

ಮಾನ್ಯರೇ,

ನನ್ನ ಕಾರಿನ ಬಂಪರಿನ ಹಿಂದೆ ಧೂಳು ತಿನ್ನುತ್ತ ಕುಳಿತು, ಹೊರಗಿನ ಬಿಸಿಲೆಷ್ಟು ಎಂದು ಎ.ಸಿ.ಗೆ ತಿಳಿಸುವ ಹೊಣೆ ಹೊತ್ತ ಸೆನ್ಸರ್ ಮಹಾಶಯರಾದ ತಮಗೆ, ತಮಾಲೆಯಲ್ಲಿ ಮದುವೆಯ ಕೇಕ್ ಮಾಡಿ ಬದುಕುವ ಲಾಮ್ನಾತುವಿನ ವಂದನೆಗಳು. ತಾವು ಕ್ಷೇಮವೇ, ಮನೆಯವರು ಕ್ಷೇಮವೇ, ದಣಿವು ಹೇಗಿದೆ, ಚಳಿ ತೀರಾ ಹೆಚ್ಚಿಲ್ಲವಷ್ಟೇ?

ಲಾರಿಯೊಂದರ ಹಿಂಬದಿಗೆ ಗುದ್ದಿ ಬಂಪರ್ ಕಳಚಿ, ಎಲೆಕ್ಟ್ರಿಷಿಯನ್ ನಾಪಾರಿ ಅದನ್ನು ಮತ್ತೆ ಕಟ್ಟಿಕೊಟ್ಟ ದಿನದಿಂದ ತಾವು ಮೈನಸ್ ನಲವತ್ತು ಡಿಗ್ರಿ ಎಂದು ತೋರಿಸುತ್ತಿದ್ದೀರಿ. ಅಂದಿನಿಂದಲೇ ಎ.ಸಿ. ಬಿಸಿಗಾಳಿ ಊದುತ್ತಿದೆ. ನಾಪಾರಿ ಫ್ಯೂಸ್ ಬದಲಿಸಿದ, ಗ್ಯಾಸ್ ತುಂಬಿದ, ಕಂಪ್ರೆಸರನ್ನೇ ಬದಲಿಸಿದ. ತಮ್ಮನ್ನು ಮಾತ್ರ ಸಂಶಯಿಸಲಿಲ್ಲ. "ಅಕ್ಕಾ, ಗಾಡಿ ಕೆನಡಾದಿಂದ ಬಂದಿದ್ದು. ಅಲ್ಲಿ ಚಳಿ ಇಷ್ಟೇ ಇರೋದು. ಇನ್ನೂ ನಮ್ಮೂರಿಗೆ ಒಗ್ಗಿಲ್ಲ ಅಷ್ಟೇ," ಎಂದ. ನಾನೂ ಏನು ಕಮ್ಮಿ? ಅಕ್ಕಪಕ್ಕದ ಹೆಂಗಸರನ್ನು ಕರೆದು ಆ ಅಂಕಿಯನ್ನು ತೋರಿಸಿ ಜಂಬ ಕೊಚ್ಚಿಕೊಂಡೆ.

ಹೊಸ ಕಂಪ್ರೆಸರ್ ಕೂರಿಸಿದ ಮರುದಿನ ಬೆಳಗಿನ ತಂಪಿನಲ್ಲಿ, ಮೂರು ಅಂತಸ್ತಿನ ಕೇಕನ್ನು ಹಿಂದಿನ ಸೀಟಿನಲ್ಲಿಟ್ಟುಕೊಂಡು ಯೆಂದಿ ಎಂಬ ಊರಿನ ಮದುವೆಗೆ ಹೊರಟೆ. ಅರ್ಧ ದಾರಿಗೆ ಬಿಸಿಲು ಏರಿತು. ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತ್ತು. ತಾವು ಮಾತ್ರ ಹಿಮದಲ್ಲೇ ಇದ್ದಿರಿ. ಮದುವೆ ಮನೆಯಲ್ಲಿ ಪೆಟ್ಟಿಗೆ ತೆರೆದಾಗ ಕೇಕು ಸೂಪಿನ ಬಟ್ಟಲಿನಲ್ಲಿ ಬಿಡಬಹುದಾದ ಹಿಟ್ಟಿನ ಮುದ್ದೆಯಾಗಿತ್ತು. ಮದುಮಗಳ ತಾಯಿ ಬೈಯಲೂ ಇಲ್ಲ. "ನಿಂಗೆ ಬಿಸ್ಲು ಗೊತ್ತಾಗ್ಲಿಲ್ವಾ, ತಾಯಿ?" ಎಂದಷ್ಟೇ ಕೇಳಿದರು. ಹನ್ನೊಂದು ವರ್ಷ ಒಲೆಯ ಮುಂದೆ ಬೆಂದು ಸಂಪಾದಿಸಿದ ಹೆಸರು ಅವತ್ತು ಹೋಯಿತು. ನಾಚಿಕೆಯಿಂದ ಸತ್ತೇ ಹೋದೆ.

ಹಿಂದಿರುಗಿದ ಮೇಲೆ ನಾಪಾರಿ ಟೆಸ್ಟ್ ಬಲ್ಬು ಹಿಡಿದು ಕಾರಿನ ಕೆಳಗೆ ತೂರಿದ. ಒಂದೊಂದೇ ತಂತಿ ಎಳೆದು ನೋಡಿದ. ಆಮೇಲೆ ಅಲ್ಲಿಂದಲೇ ಹೇಳಿದ: "ಅಕ್ಕಾ, ಬೈಬೇಡ. ಬಂಪರ್ ಕಟ್ಟೋಕೆ ಒಂದು ವೈರ್ ಬೇಕಿತ್ತು, ಇದು ಸುಮ್ನೆ ನೇತಾಡ್ತಿತ್ತು, ಕತ್ತರಿಸಿಬಿಟ್ಟೆ. ಸೆನ್ಸರಿನ ವೈರೇ ಇದು. ವೈರ್ ತುಂಡಾದ್ರೂ ಸೆನ್ಸರ್ ಮೈನಸ್ ನಲ್ವತ್ತು ಅನ್ನುತ್ತೆ. ಗೊತ್ತಿಲ್ಲ ಅನ್ನೋಕೆ ಇದಕ್ಕೆ ಬರಲ್ಲ."

ಅಷ್ಟು ಚಳಿಯಲ್ಲಿ ಎ.ಸಿ. ತಣ್ಣಗೆ ಮಾಡುವುದೇಕೆ ಎಂದು ನಂಬಿಸಿ, ತಂಪು ಹುಟ್ಟಿಸುವ ಹೊಸ ಕಂಪ್ರೆಸರನ್ನೂ ಮಲಗಿಸಿದವರು ತಾವೇ ಎಂದು ಆಗ ತಿಳಿಯಿತು. ತಂತಿ ಕಡಿದ ಮೇಲೂ ಒಂದು ದಿನವೂ ರಜೆ ಹಾಕದೆ ವರದಿ ಒಪ್ಪಿಸಿದ ತಮ್ಮ ನಿಷ್ಠೆಗೆ ಏನೆನ್ನಲಿ? ತಮ್ಮಂಥವರು ಬಂಪರಿನ ಹಿಂದೆ ಕೊಳೆಯಬಾರದು. ದಯವಿಟ್ಟು ನಮ್ಮ ನೀರಿನ ಕಚೇರಿಗೆ ವರ್ಗ ಮಾಡಿಸಿಕೊಳ್ಳಿ. ನಮ್ಮ ಬೀದಿಯ ಒಣಗಿದ ನಲ್ಲಿಯಲ್ಲಿ ದಿನಾ ನೀರು ಬರುತ್ತಿದೆ ಎಂದು ಬರೆಯುವವರು ಅಲ್ಲಿದ್ದಾರೆ, ತಮಗೆ ಬೇಸರವಾಗದು. ಹೊರಡುವ ಮೊದಲು ಆ ಮೈನಸ್ ನಲವತ್ತರಲ್ಲಿ ಒಂದಿಪ್ಪತ್ತು ಡಿಗ್ರಿಯನ್ನು ನನ್ನ ಅಡುಗೆಮನೆಗೆ ಬಿಟ್ಟುಹೋದರೆ ಉಪಕಾರವಾಗುತ್ತದೆ.

ಇಷ್ಟಾದರೂ ತಮ್ಮ ವಿಶ್ವಾಸಿ ಎಂದೇ ಸಹಿ ಹಾಕುವ,
ಲಾಮ್ನಾತು

ತಾ.ಕ.: ನಾಪಾರಿ ತಂತಿ ಬೆಸೆದಿದ್ದಾನೆ. ತಾವೀಗ ನಲವತ್ತೊಂದು ಎನ್ನುತ್ತೀರಿ, ಎ.ಸಿ. ತಣ್ಣಗಿದೆ, ಹಿಂದಿನ ಸೀಟು ಖಾಲಿಯಿದೆ. ಈ ಶನಿವಾರ ಯೆಂದಿಗೆ ನಾನು ಒಯ್ಯಬೇಕಿದ್ದ ಕೇಕನ್ನು ಬೇರೊಬ್ಬಳು ಮೂರು ಚಕ್ರದ ಗಾಡಿಯಲ್ಲಿ ಒಯ್ದಳು. ಹೊರಡುವಾಗ ಕೈ ಹೊರಗೆ ಚಾಚಿ ಬಿಸಿಲು ನೋಡಿ, ಪೆಟ್ಟಿಗೆಗೆ ಒದ್ದೆ ಗೋಣಿ ಹೊದಿಸಿದಳಂತೆ. ಕೇಕು ನೆಟ್ಟಗೆ ತಲುಪಿತು.