ಸಂಜೆ ಆರರ ಯುದ್ಧ

ಬೇರೆಯವರ ಕೆಲಸದಲ್ಲಿ ತಮಾಷೆ ಎಂದೋ ಒಂದು ದಿನ ನಡೆಯುತ್ತದೆ. ನನ್ನ ಕೆಲಸದಲ್ಲಿ ಅದು ದಿನಾ ಸಂಜೆ ಆರಕ್ಕೆ ಸರಿಯಾಗಿ ಶುರುವಾಗುತ್ತದೆ, ಜಾಹೀರಾತು ಬಂದಾಗ ಮಾತ್ರ ನಿಲ್ಲುತ್ತದೆ.

ನಾನು ಮೈಸೂರಿನ ಒಂದು ಸಣ್ಣ ಕೇಬಲ್ ಚಾನೆಲ್ಲಿನಲ್ಲಿ ಫೋನ್ ತೆಗೆಯುವವಳು. ಅಗ್ರಹಾರದ ಹಳೇ ಮನೆಯೊಂದರ ಮಹಡಿಯೇ ನಮ್ಮ ಸ್ಟುಡಿಯೋ. ಹನ್ನೆರಡು ವರ್ಷದಿಂದ ನನಗೆ ಬರುತ್ತಿದ್ದ ಫೋನುಗಳೆಲ್ಲ ನಲ್ಲಿ ನೀರು, ಕೆಟ್ಟ ಬೀದಿದೀಪ, ಕಳೆದುಹೋದ ನಾಯಿ, ಮೊಮ್ಮಗಳ ಹುಟ್ಟುಹಬ್ಬಕ್ಕೊಂದು ಹಾಡು, ಇಷ್ಟೇ. ಆಮೇಲೆ ಈ ಯುದ್ಧ ಶುರುವಾಯಿತು. ಯುದ್ಧ ನಡೆಯುತ್ತಿರುವುದು ಸಮುದ್ರದಾಚೆ, ಬೇರೆ ಯಾರೋ ಇಬ್ಬರ ನಡುವೆ. ಆದರೂ ಇನ್ನಷ್ಟು ಜೋರಾಗಿ ಹೊಡೆದು ಮುಗಿಸಬೇಕೋ, ಕೂತು ಮಾತಾಡಿ ನಿಲ್ಲಿಸಬೇಕೋ ಅಂತ ತೀರ್ಮಾನ ಮಾಡುವ ಹೊಣೆ ಹೇಗೋ ಶ್ರೀರಾಂಪುರ, ಉದಯಗಿರಿ, ಅಗ್ರಹಾರದವರ ತಲೆ ಮೇಲೆ ಬಿತ್ತು. ನಮ್ಮ ಮಾಲೀಕರು ‘ಹೊಡೆಯಬೇಕೋ? ಮಾತಾಡಬೇಕೋ?’ ಅಂತ ಒಂದು ಗಂಟೆಯ ನೇರ ಚರ್ಚೆ ಶುರು ಮಾಡಿಬಿಟ್ಟರು.

ಶಾಂತಿಗೆ ಜನ ಸಿಗಲಿಲ್ಲ

ಅತಿಥಿಗಳನ್ನು ಹುಡುಕುವ ಕೆಲಸ ನನಗೆ ಬಂತು. ಹೊಡೆಯುವ ಪಕ್ಷಕ್ಕೆ ಒಬ್ಬರು, ಮಾತಾಡುವ ಪಕ್ಷಕ್ಕೆ ಒಬ್ಬರು ಬೇಕಿತ್ತು. ಹೊಡೆಯುವ ಪಕ್ಷಕ್ಕೆ ಮೊದಲನೇ ಫೋನಿಗೇ ಜನ ಸಿಕ್ಕಿದರು. ಅವರು ಯಾವುದೋ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದು ನಿವೃತ್ತರಾದವರು. ನಾವೆಲ್ಲ ಅವರನ್ನು ಸಾಹೇಬರು ಅಂತಲೇ ಕರೆಯುತ್ತೇವೆ.

ಮಾತಾಡುವ ಪಕ್ಷಕ್ಕೆ ಮಾತ್ರ ಯಾರೂ ಒಪ್ಪಲಿಲ್ಲ. ಹಲ್ಲಿನ ಡಾಕ್ಟರು, ವಕೀಲರು, ಅಕ್ಕಿ ವ್ಯಾಪಾರಿ, ಎಲ್ಲರೂ “ನನ್ನನ್ನ ಹೊಡೆಯೋ ಕಡೆ ಹಾಕ್ಕೊಳಿ” ಅಂದರು. ಕೊನೆಗೆ ಯೋಗ ಹೇಳಿಕೊಡುವ ಒಬ್ಬರಿಗೆ ಫೋನ್ ಮಾಡಿದೆ. ಇವರಂತೂ ಒಪ್ಪೇ ಒಪ್ಪುತ್ತಾರೆ ಅಂದುಕೊಂಡಿದ್ದೆ. ಅವರು “ಶಾಂತೀನ ಬೆಳಿಗ್ಗೆ ಕ್ಲಾಸಲ್ಲಿ ಹೇಳ್ತೀನಲ್ಲ ಕಣಮ್ಮ, ಸಂಜೆ ಟೀವೀಲೂ ಯಾಕೆ?” ಅಂದುಬಿಟ್ಟರು.

ಕಡೆಗೆ ಸಿಕ್ಕಿದವರು ಶ್ರೀರಾಂಪುರದ ಒಬ್ಬ ನಿವೃತ್ತ ಇತಿಹಾಸದ ಮೇಷ್ಟ್ರು. ಸಾಹೇಬರ ಪಕ್ಕದ ಮನೆಯವರು. ಸಾಹೇಬರು ಯಾವ ಕಡೆ ಅಂತ ಕೇಳಿ, “ಹಾಗಾದ್ರೆ ನಾನು ಇನ್ನೊಂದು ಕಡೆ” ಅಂದರು. ಇಬ್ಬರೂ ಮೇಷ್ಟ್ರ ಸ್ಕೂಟರಿನಲ್ಲೇ ಒಟ್ಟಿಗೆ ಬಂದು ಇಳಿದರು.

ಚರ್ಚೆ ಶುರುವಾಗಿ ಹತ್ತು ನಿಮಿಷ ಆಗಿರಲಿಲ್ಲ. ಮೇಷ್ಟ್ರು ಮೇಜು ಗುದ್ದಿ, “ಶಾಂತಿ! ಶಾಂತಿ ಬೇಕು ಅಂತ ಹೇಳ್ತಿದ್ದೀನಿ! ಕಿವಿ ಕೇಳ್ಸಲ್ವೇನ್ರೀ?” ಅಂತ ಕೂಗಿದ ರಭಸಕ್ಕೆ ನೀರಿನ ಲೋಟ ಹಾರಿ ಸಾಹೇಬರ ತೊಡೆ ಮೇಲೆ ಮಗುಚಿಕೊಂಡಿತು. ನಾನು ಗಾಬರಿಯಾಗಿ ಮಾಲೀಕರ ಮುಖ ನೋಡಿದೆ. ಅವರ ಕಣ್ಣಲ್ಲಿ ಆನಂದ. “ನೋಡಮ್ಮ, ಶಾಂತಿ ಅಂದ್ರೆ ಹಿಂಗಿರ್ಬೇಕು. ನಾಳೆಗೂ ಕರಿ.”

ಇನ್ನೊಂದು ನಡೀತಿದ್ಯಾ?

ಎರಡನೇ ವಾರ ಅಗ್ರಹಾರದಿಂದಲೇ ಒಬ್ಬರು ಹಿರಿಯರು ಫೋನ್ ಮಾಡಿದರು. ಎಷ್ಟು ತಿಳಿದವರು ಅಂತೀರಿ! ಯಾವ ಊರಿಗೆ ಯಾವ ಕಡೆಯಿಂದ ನುಗ್ಗಬೇಕು, ಯಾವ ಸೇತುವೆ ಮೊದಲು ಬೀಳಬೇಕು, ಯಾವ ನದಿ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ, ಎಲ್ಲ ಬಾಯಿಪಾಠ. ಸಾಹೇಬರು ತಲೆದೂಗಿದರು. ಮೇಷ್ಟ್ರು ಕೂಡ ನೋಟ್ ಮಾಡಿಕೊಂಡರು. ಐದಾರು ನಿಮಿಷ ಆದ ಮೇಲೆ ನಮ್ಮ ನಿರೂಪಕನಿಗೆ ಅನುಮಾನ ಬಂತು. ನಾವು ಮಾತಾಡುತ್ತಿದ್ದ ಯುದ್ಧ ಮರುಭೂಮಿಯಲ್ಲಿ ನಡೆಯುತ್ತಿದೆ. ಅಲ್ಲಿ ನದಿ ಹೆಪ್ಪುಗಟ್ಟುವುದಿರಲಿ, ನದಿ ಇರುವುದೇ ಕಷ್ಟ.

“ಸಾರ್, ನೀವು ಹೇಳ್ತಿರೋದು ಬೇರೆ ಯುದ್ಧ.”

“ಬೇರೇದಾ?”

“ಹೌದು ಸಾರ್. ಇದು ಇನ್ನೊಂದು.”

“ಇನ್ನೊಂದೂ ನಡೀತಿದ್ಯಾ?”

“ನಡೀತಿದೆ ಸಾರ್.”

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. ಪಾಪ, ನಾಚಿಕೆಯಾಗಿರಬೇಕು ಅಂದುಕೊಂಡೆ. ಆಮೇಲೆ ದನಿ ಬಂತು: “ಹಂಗಾದ್ರೆ ಅಲ್ಲೂ ಹೊಡೀಲಿ. ಎರಡಕ್ಕೂ ನನ್ನ ಹೆಸ್ರು ಬರ್ಕೊಳಿ.”

ಯಾರೂ ಗೆಲ್ಲಬಾರದು

ಫೋನ್ ಮಾಡಿದವರ ಅಭಿಪ್ರಾಯ ಬರೆದುಕೊಳ್ಳುವುದು ನನ್ನ ಕೆಲಸ. ಪುಸ್ತಕದಲ್ಲಿ ಎರಡು ಸಾಲು ಹಾಕಿಕೊಂಡು, ಹೊಡೆಯಬೇಕು ಅಂದವರಿಗೆ ಒಂದು ಕಡೆ ಗೀಟು, ಮಾತಾಡಬೇಕು ಅಂದವರಿಗೆ ಇನ್ನೊಂದು ಕಡೆ ಗೀಟು ಎಳೆಯುತ್ತಿದ್ದೆ. ಒಂದು ದಿನ ಒಬ್ಬ ಅಜ್ಜಿ ಫೋನ್ ಮಾಡಿದರು.

“ಅಜ್ಜಿ, ನೀವು ಹೊಡೆಯೋ ಕಡೇನೋ, ಮಾತಾಡೋ ಕಡೇನೋ?”

“ಯಾವ ಕಡೆ ಹೇಳಿದ್ರೆ ಇದು ಬೇಗ ಮುಗಿಯುತ್ತೆ ಕಣಮ್ಮ? ಮುಂಚೆ ಈ ಹೊತ್ತಿಗೆ ದೇವರನಾಮ ಹಾಕ್ತಿದ್ರಿ.”

ಅವರ ಗೀಟನ್ನು ಎಲ್ಲಿ ಹಾಕಲಿ ಅಂತ ಮಾಲೀಕರನ್ನು ಕೇಳಿದೆ. ಅವರು ಪುಸ್ತಕ ಕಿತ್ತುಕೊಂಡು ನೋಡಿದರು. ಅವತ್ತು ಹೇಗೋ ಏನೋ ಮಾತಾಡುವ ಕಡೆ ಗೀಟು ಸ್ವಲ್ಪ ಹೆಚ್ಚಾಗಿತ್ತು. ಅವರ ಮುಖ ಬಾಡಿತು.

“ಹಿಂಗೆಲ್ಲ ಬುಡಬೇಡಮ್ಮ. ಎರಡೂ ಕಡೆ ಸರಿಸಮ ಇರ್ಲಿ. ಯಾವ ಕಡೆ ಗೆದ್ರೂ ಕಾರ್ಯಕ್ರಮ ಮುಗ್ದೋಯ್ತದೆ.”

ನಾನು ಸಿಟಿ ಬಸ್ಸು ಹಿಡಿದು ಮನೆಗೆ ಹೋಗುವಾಗ ಅದನ್ನೇ ಯೋಚಿಸಿದೆ. ಆ ಎರಡು ದೇಶಗಳಲ್ಲೂ ಇಂಥ ಮಾಲೀಕರು ಇದ್ದರೆ ಗತಿ ಏನು? ಯೋಚನೆಯಲ್ಲಿ ಇಳಿಯುವ ಸ್ಟಾಪು ದಾಟಿಹೋಯಿತು. ಕಂಡಕ್ಟರಿಗೆ ನನ್ನ ಕೆಲಸ ಗೊತ್ತು. “ಏನ್ ಮೇಡಂ, ಯುದ್ಧ ನಿಲ್ತಾ?” ಅಂದ. ಇಲ್ಲಪ್ಪ ಅಂದೆ. “ಹಂಗಾದ್ರೆ ಬಸ್ಸೂ ನಿಲ್ಲಲ್ಲ, ಮುಂದಿನ ಸ್ಟಾಪಲ್ಲಿ ಇಳೀರಿ” ಅಂದ.

ಬಂದರು ಬಿಟ್ಟು

ಇದನ್ನು ತಮಾಷೆ ಅನ್ನಬೇಕೋ ಬೇಡವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವತ್ತು ಸ್ಟುಡಿಯೋದಲ್ಲಿ ಇದ್ದವರು ನಕ್ಕರು, ಅದಕ್ಕೆ ಬರೆಯುತ್ತಿದ್ದೇನೆ.

ಉದಯಗಿರಿಯಿಂದ ಒಬ್ಬ ಹೆಂಗಸು ಫೋನ್ ಮಾಡಿದಳು. ಗಂಡ ಏಸಿ ರಿಪೇರಿ ಕೆಲಸಕ್ಕೆ ಅಂತ ಹೊರದೇಶಕ್ಕೆ ಹೋದವನು, ಆ ಯುದ್ಧದ ಜಾಗದಲ್ಲೇ, ಬಂದರಿರುವ ಊರಿನಲ್ಲಿ ಸಿಕ್ಕಿಕೊಂಡಿದ್ದ. ಮೂರು ದಿನದಿಂದ ಅವನ ಫೋನ್ ಇಲ್ಲ. ಟೀವಿಯಲ್ಲಿ ಯುದ್ಧದ ವಿಷಯ ಬಲ್ಲವರು ಕೂತಿದ್ದಾರಲ್ಲ, ಅವರನ್ನೇ ಕೇಳೋಣ ಅಂತ ಮಾಡಿದ್ದಾಳೆ. ನಾನು ಸರದಿ ಮುರಿದು ಮೊದಲು ಅವಳ ಫೋನನ್ನೇ ಸ್ಟುಡಿಯೋ ಒಳಗೆ ಕೊಟ್ಟೆ.

ಆಗ ಸಾಹೇಬರು ಹುರುಪಿನಲ್ಲಿದ್ದರು. “ಇದೇನು ದೊಡ್ಡ ವಿಷಯ ಅಲ್ಲ. ನಾಲ್ಕು ಕಡೆ ಸರಿಯಾಗಿ ಹಾಕಿದ್ರೆ ಎರಡು ದಿನದಲ್ಲಿ ಮುಗಿಯುತ್ತೆ” ಅಂತ ಗೋಡೆಯ ಮ್ಯಾಪಿನ ಮೇಲೆ ಕಡ್ಡಿ ಇಟ್ಟು ತೋರಿಸುತ್ತಿದ್ದರು. ಫೋನಿನಲ್ಲಿ ಆ ಹೆಂಗಸು ನಡುವೆಯೇ ಕೇಳಿದಳು.

“ಸಾ, ಯಾವ ನಾಕು ಕಡೆ ಸಾ? ಬಂದರತ್ರ ಬ್ಯಾಡಿ ಸಾ. ನಮ್ಮನೆಯವ್ರು ಅಲ್ಲವ್ರೆ.”

ಸಾಹೇಬರ ಕಡ್ಡಿ ಗಾಳಿಯಲ್ಲೇ ನಿಂತಿತು. ಇಷ್ಟು ದಿನದಲ್ಲಿ ಆ ಮ್ಯಾಪಿನೊಳಗೆ ಯಾರಾದರೂ ಇರಬಹುದು ಅಂತ ಅವರಿಗೆ ಹೊಳೆದಿರಲಿಲ್ಲ ಅಂತ ಕಾಣುತ್ತದೆ. ಕೆಟ್ಟವರಲ್ಲ ಅವರು. ಕಡ್ಡಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, “ಆಯ್ತಮ್ಮ, ಆಯ್ತು. ಬಂದರು ಬಿಟ್ಟು ಮೂರು ಕಡೆ” ಅಂದರು.

“ದೊಡ್ಡ ಉಪಕಾರ ಆಯ್ತು ಸಾ” ಅಂದು ಅವಳು ಫೋನ್ ಇಟ್ಟಳು.

ಮಾರನೇ ದಿನದಿಂದ ಅವಳು ಆರಕ್ಕೆ ಮುಂಚೆಯೇ ನನಗೆ ಫೋನ್ ಮಾಡತೊಡಗಿದಳು. “ಅಕ್ಕ, ಇವತ್ತು ಸಾಹೇಬ್ರು ಏನಂತಾರೆ?” ನಾಲ್ಕನೇ ದಿನ ನನಗೆ ತಡೆಯಲಾಗಲಿಲ್ಲ.

“ತಾಯಿ, ಅವರ ಕೈಲಿ ಏನೂ ಇಲ್ಲ ಕಣಮ್ಮ. ಅವರು ರಿಟೈರ್ಡು. ಸುಮ್ನೆ ಬಂದು ಮಾತಾಡ್ತಾರೆ, ಅಷ್ಟೇ.”

“ಅಂಗಾದ್ರೆ ಯಾರ ಕೈಲೈತೆ ಅಕ್ಕ? ಅವ್ರ ನಂಬರ್ ಕೊಡಿ.”

ಹನ್ನೆರಡು ವರ್ಷದಿಂದ ಫೋನ್ ತೆಗೆಯುತ್ತಿದ್ದೇನೆ. ಕೇಳಿದ ನಂಬರು ಕೊಡದೆ ಯಾರನ್ನೂ ಕಳಿಸಿದವಳಲ್ಲ. ನೀರು ಸರಬರಾಜಿನವರದ್ದು, ಕರೆಂಟಿನವರದ್ದು, ಹಾವು ಹಿಡಿಯುವವನದ್ದು, ಎಲ್ಲ ಇದೆ. ಅದೊಂದು ಇರಲಿಲ್ಲ. ನನ್ನ ಸ್ವಂತ ನಂಬರು ಕೊಟ್ಟೆ.

ಪಕ್ಕದ ಮನೆಯವರು

ಈ ನಡುವೆ ಒಂದು ಸಂಜೆ ಸಾಹೇಬರು ಕ್ಯಾಮೆರಾ ಮುಂದೆಯೇ, “ನಿಮ್ಮಂಥೋರಿಂದಲೇ ಕಣ್ರೀ ಶತ್ರುಗಳು ಕೊಬ್ಬೋದು” ಅಂದುಬಿಟ್ಟರು. ಮೇಷ್ಟ್ರು ತಮ್ಮ ಹಾಳೆ ಮಡಚಿ ಜೇಬಿಗಿಟ್ಟರು. ಕಾರ್ಯಕ್ರಮ ಮುಗಿದದ್ದೇ ತಡ, ಕೆಳಗಿಳಿದು ಸ್ಕೂಟರ್ ಹತ್ತಿ ಹೊರಟೇಹೋದರು. ಸಾಹೇಬರಿಗೆ ಗಾಡಿ ಓಡಿಸಲು ಬರುವುದಿಲ್ಲ. ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಸ್ಟುಡಿಯೋ ಕೆಳಗಿನ ಹೂವಿನಂಗಡಿ ಮುಂದೆ ಅರ್ಧ ಗಂಟೆ ನಿಂತಿದ್ದರು, ಮೇಷ್ಟ್ರು ವಾಪಸ್ ಬರಬಹುದು ಅಂತ. ಬರಲಿಲ್ಲ. ಕೊನೆಗೆ ಹೆಲ್ಮೆಟ್ಟು ತಲೆಗೆ ಹಾಕಿಕೊಂಡೇ ಆಟೋ ಹತ್ತಿದರು.

ಅವತ್ತಿನಿಂದ ಇಬ್ಬರೂ ಬೇರೆ ಬೇರೆ ಬರುವುದು. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಎರಡು ಮನೆಯ ನಡುವಿನ ಕಾಂಪೌಂಡಿನ ಮೇಲೆ ಸಾರು, ಪಲ್ಯ ಹೋಗಿಬರುತ್ತಿದ್ದುದೂ ನಿಂತುಹೋಯಿತಂತೆ. ಮೂವತ್ತು ವರ್ಷದ ಸ್ನೇಹ. ನನಗೆ ಬೇಜಾರಾಗಿ ಮೇಷ್ಟ್ರ ಹತ್ತಿರ ಹೋಗಿ, “ಸಾರ್, ನೀವೇ ಒಂದು ಮಾತಾಡ್ಬಿಡಿ” ಅಂದೆ.

“ಅವರು ಮೊದ್ಲು ಕ್ಷಮೆ ಕೇಳ್ಲಿ. ಅಲ್ಲೀವರೆಗೂ ಮಾತುಕತೆ ಪ್ರಶ್ನೇನೇ ಇಲ್ಲ.”

“ಸಾರ್, ನೀವು ಮಾತುಕತೆ ಕಡೆಯವರಲ್ವಾ?”

ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನು ಕನಿಕರದಿಂದ ನೋಡಿದರು. “ಅದು ದೇಶಗಳಿಗೆ ಕಣಮ್ಮ. ಇವ್ರು ಪಕ್ಕದ್ಮನೆಯೋರು.”

ಅಲ್ಲಿಂದ ಬಂದವನು

ಒಂದು ಮಧ್ಯಾಹ್ನ ನನ್ನ ಮೊಬೈಲಿಗೆ ಫೋನ್ ಬಂತು. “ಅಕ್ಕ, ಬಂದ್ಬುಟ್ರು!” ಅಷ್ಟು ಹೇಳಿ ಉದಯಗಿರಿಯ ಆ ಹೆಂಗಸು ಅಳುತ್ತಲೇ ಇದ್ದಳು. ನಾನೂ ಮೇಜಿಗೆ ತಲೆ ಕೊಟ್ಟು ಅತ್ತೆ. ನಮ್ಮ ಮಾಲೀಕರು ಓಡಿಬಂದು ಯಾರು ಸತ್ತರು ಅಂದರು. ಬದುಕಿ ಬಂದಿದ್ದಾನೆ ಅಂದೆ. “ಇವತ್ತು ಸಂಜೇನೇ ಕರಿ” ಅಂದರು. ಬೇಡ, ಸುಧಾರಿಸಿಕೊಳ್ಳಲಿ ಅಂದೆ. ಮಾಲೀಕರು ದೊಡ್ಡ ಮನಸ್ಸು ಮಾಡಿ ಎರಡು ದಿನ ಕೊಟ್ಟರು.

ಗಂಡ ಹೆಂಡತಿ ಇಬ್ಬರೂ ಬಂದರು. ಆತ ಸಣ್ಣಗೆ ಕಡ್ಡಿಯಂತಾಗಿದ್ದ. ಹೊಸ ಅಂಗಿ, ಮಡಿಕೆ ಕೂಡ ಇನ್ನೂ ಬಿಚ್ಚಿರಲಿಲ್ಲ. ಹೆಂಡತಿ ನನ್ನ ಪಕ್ಕ ಕೂತು ಪಿಸುಗುಟ್ಟಿದಳು: “ಕುಕ್ಕರ್ ಕೂಗಿದ್ರೆ ನಡುಗ್ತಾರೆ ಅಕ್ಕ. ಈಗ ಅನ್ನಾನ ಪಾತ್ರೇಲೇ ಬಸೀತೀನಿ.” ನಾನು ಫೋನಿನ ಗಂಟೆಯ ಸದ್ದು ತಗ್ಗಿಸಿದೆ.

ಆತನನ್ನು ಸಾಹೇಬರಿಗೂ ಮೇಷ್ಟ್ರಿಗೂ ನಡುವೆ ಕೂರಿಸಿದರು. ನಿರೂಪಕ ಕೇಳಿದ: “ಅಲ್ಲಿಯ ಜನ ಏನಂತಾರೆ? ಇನ್ನೂ ಜೋರಾಗಿ ಹೊಡೆಯಬೇಕು ಅಂತಾರೋ, ಮಾತಾಡಬೇಕು ಅಂತಾರೋ?”

“ಅದು ಯಾರೂ ಮಾತಾಡ್ತಿರ್ಲಿಲ್ಲ ಸಾ. ನೀರು ಎಲ್ಲಿ ಸಿಕ್ತದೆ ಅಂತ ಕೇಳ್ತಿದ್ರು.”

ನಿರೂಪಕನಿಗೆ ಇದು ರುಚಿಸಲಿಲ್ಲ. ಬಾಂಬಿನ ವಿಷಯ ಹೇಳಿ ಅಂದ. ಆತ ನಿಧಾನಕ್ಕೆ ಹೇಳಿದ. ತಾವಿದ್ದ ಕಟ್ಟಡದ ಪಕ್ಕದ್ದೇ ಬಿದ್ದುಹೋಯಿತು. ಅದರಲ್ಲಿ ಕೇರಳದವನೊಬ್ಬ ಇದ್ದ, ಇವನಿಗೆ ದಿನಾ ಟೀ ಮಾಡಿಕೊಡುತ್ತಿದ್ದವನು. ಇಷ್ಟು ಹೇಳುವಷ್ಟರಲ್ಲಿ ಸಾಹೇಬರು ಕೈ ಎತ್ತಿದರು.

“ಒಂದ್ನಿಮಿಷ. ನೀನು ಹೇಳ್ತಿರೋ ಏರಿಯಾದಲ್ಲಿ ಏನೂ ಬಿದ್ದಿಲ್ಲಪ್ಪ. ಬಂದರಿನ ಉತ್ತರಕ್ಕೆ ಮಾತ್ರ ಬಿದ್ದಿದ್ದು. ನಾನು ದಿನಾ ಮ್ಯಾಪ್ ನೋಡ್ತೀನಿ.”

“ಬಿತ್ತು ಸಾ. ಸದ್ದು ನಿಂತ್ಮೇಲೆ ನಾನೇ ಕಲ್ಲು ಎತ್ತಾಕಿದೆ.”

“ಯಾವ ದಿನ?” ಅಂತ ಮೇಷ್ಟ್ರು ಕೇಳಿದರು. ಆತ ದಿನ ಹೇಳಿದ. ಮೇಷ್ಟ್ರು ತಮ್ಮ ಹಾಳೆ ತಿರುವಿ ನೋಡಿ ತಲೆಯಾಡಿಸಿದರು. “ಸಾಧ್ಯವೇ ಇಲ್ಲ. ಆ ವಾರ ಮಾತುಕತೆ ನಡೀತಿತ್ತು. ಎರಡೂ ಕಡೆಯವ್ರು ಹೊಡೆಯಲ್ಲ ಅಂತ ಒಪ್ಕೊಂಡಿದ್ರು.”

“ಮೇಷ್ಟ್ರು ಹೇಳೋದು ಸರಿ” ಅಂದರು ಸಾಹೇಬರು.

“ಸಾಹೇಬ್ರು ಹೇಳಿದ್ದೂ ಸರಿಯಾಗೇ ಇದೆ” ಅಂದರು ಮೇಷ್ಟ್ರು.

ಮೂರು ವಾರದಲ್ಲಿ ಇಬ್ಬರೂ ಜಗಳವಿಲ್ಲದೆ ಆಡಿಕೊಂಡ ಮೊದಲನೇ ಮಾತು ಅದು. ಇಬ್ಬರ ಮುಖವೂ ಅರಳಿತು. ಮಾಲೀಕರು ಗಾಜಿನ ಆಚೆ ನಿಂತು ಹಣೆ ಚಚ್ಚಿಕೊಂಡರು. ನನ್ನ ಪಕ್ಕದಲ್ಲಿ ಆ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡು, “ಇವ್ರು ಸುಳ್ಳೇಳಲ್ಲ ಅಕ್ಕ, ಸುಳ್ಳೇಳಕ್ಕೆ ಬರಾದೇ ಇಲ್ಲ” ಅನ್ನುತ್ತಿದ್ದಳು.

ಸಾಹೇಬರು ಆತನ ಭುಜದ ಮೇಲೆ ಕೈಯಿಟ್ಟು ಪ್ರೀತಿಯಿಂದಲೇ ಹೇಳಿದರು: “ತಪ್ಪು ತಿಳ್ಕೋಬೇಡಪ್ಪ. ನೀನು ಅಲ್ಲೇ ಇದ್ದೆ ನೋಡು, ಅದಕ್ಕೇ ನಿಂಗೆ ಪೂರ್ತಿ ಚಿತ್ರ ಕಾಣ್ಸಿಲ್ಲ.”

ಆತ ಸಾಹೇಬರನ್ನು ನೋಡಿದ, ಮೇಷ್ಟ್ರನ್ನು ನೋಡಿದ. ಓದಿದವರು, ಹಿರಿಯರು, ಹೇಳುತ್ತಿರುವುದರಲ್ಲಿ ಏನೋ ಇರಬೇಕು ಅಂತ ನಿಜವಾಗಿಯೂ ಯೋಚನೆ ಮಾಡಿದ. ಆಮೇಲೆ ಎರಡೂ ಕೈ ಜೋಡಿಸಿ ಹೇಳಿದ:

“ಇರಬೋದು ಸಾ. ಹನ್ನೊಂದು ದಿನ ಬಚ್ಚಲಲ್ಲೇ ಕೂತಿದ್ದೆ. ಅಲ್ಲಿ ಕಿಟಕಿ ಇರ್ನಿಲ್ಲ.”