ಗೋಲಿ ಬದಲಾಗಬೇಕು

ಪುತ್ತೂರಿನ ಪೇಟೆಯ ಒಂದು ಡಿಸ್ಪೆನ್ಸರಿಯಲ್ಲಿ ನಾನು ಕಂಪೌಂಡರ್ ಆಗಿದ್ದೆ. ಹಾವು ಕಚ್ಚಿದವರು, ಮರದಿಂದ ಬಿದ್ದವರು, ಕತ್ತಿ ತಾಗಿಸಿಕೊಂಡವರು, ಎಲ್ಲರನ್ನೂ ಕಂಡವನು. ಸುಲಭಕ್ಕೆ ಗಾಬರಿಯಾಗುವ ಜನ ಅಲ್ಲ. ಆದರೆ ಫುಟ್‌ಬಾಲ್ ನೋಡುವವರು ನನ್ನನ್ನು ಎಷ್ಟೋ ಸಲ ಬಾಯಿ ಬಿಟ್ಟು ನಿಲ್ಲುವ ಹಾಗೆ ಮಾಡಿದ್ದಾರೆ. ಆಡುವವರಲ್ಲ, ನೋಡುವವರು. ಐವತ್ತರ ದಶಕದ ಕೊನೆಗೆ ನಮ್ಮ ಡಾಕ್ಟರು ಊರಿನ ಫುಟ್‌ಬಾಲ್ ಸಂಘದ ಅಧ್ಯಕ್ಷರು, ನಾನು ಕಾರ್ಯದರ್ಶಿ. ಸಂಘ ಸೋಲುತ್ತಲೇ ಇತ್ತು, ಸೋತಾಗಲೆಲ್ಲ ಏನಾದರೊಂದು ನಡೆಯುತ್ತಲೇ ಇತ್ತು. ಒಂದೇ ವರ್ಷದಲ್ಲಿ ಆದದ್ದನ್ನಷ್ಟು ಹೇಳುತ್ತೇನೆ.

ಎದೆನೋವು

ಕಡಬದವರು ನಮ್ಮ ಊರಿಗೇ ಬಂದು ನಮ್ಮನ್ನು ನಾಲ್ಕು ಗೋಲಿನಿಂದ ಸೋಲಿಸಿ ಹೋದರು. ಮರುದಿನ ಬೆಳಿಗ್ಗೆ ನಾನು ಬಾಗಿಲು ತೆಗೆಯುವಾಗ ಅಡಿಕೆ ವ್ಯಾಪಾರಿಯೊಬ್ಬರು ಜಗಲಿಯಲ್ಲಿ ಕೂತಿದ್ದರು. ಐವತ್ತು ದಾಟಿದ ದಪ್ಪ ಮನುಷ್ಯ. ಕೈ ಎದೆಯ ಮೇಲಿತ್ತು, ಮುಖ ಬಿಳಿಚಿತ್ತು. ನನಗೆ ಹೆದರಿಕೆಯಾಗಿ ಅವರನ್ನು ನೇರ ಒಳಗೆ ಕರೆದುಕೊಂಡು ಹೋದೆ. ಡಾಕ್ಟರು ಎದೆಗೆ ಸ್ಟೆತೊಸ್ಕೋಪ್ ಇಟ್ಟರು.

"ಯಾವಾಗಿನಿಂದ ನೋವು?"

"ನಿನ್ನೆ ಸಂಜೆ ಐದೂವರೆಯಿಂದ."

"ಆಗ ಎಂತ ಮಾಡ್ತಾ ಇದ್ರಿ?"

"ನಾನು ಎಂತದೂ ಮಾಡ್ಲಿಲ್ಲ ಡಾಕ್ಟ್ರೆ. ನಿಮ್ಮ ಗೋಲಿ ಬಾಲನ್ನು ಕಾಲಿನ ಸಂದಿಯಲ್ಲಿ ಬಿಟ್ಟದ್ದು."

ಗೋಲ್‌ಕೀಪರನ್ನು ನಮ್ಮಲ್ಲಿ ಗೋಲಿ ಎನ್ನುವುದು. ಡಾಕ್ಟರು ಸ್ಟೆತೊಸ್ಕೋಪ್ ತೆಗೆದು ಕೊರಳಿಗೆ ಹಾಕಿಕೊಂಡರು. ಎದೆಗೆ ಏನೂ ಆಗಿರಲಿಲ್ಲ. ಸಮಾಧಾನಕ್ಕೆಂದು ಒಂದು ಕುಪ್ಪಿ ಮಿಕ್ಸ್ಚರ್ ಬರೆದರು. ನಾನು ಕುಪ್ಪಿಗೆ ಡೋಸಿನ ಅಳತೆಯ ಕಾಗದ ಅಂಟಿಸಿ ಕೊಟ್ಟೆ. ವ್ಯಾಪಾರಿ ಅದನ್ನು ನನ್ನ ಕಡೆಗೇ ತಳ್ಳಿದರು.

"ನನಗೆ ಬೇಡ. ದಿನಕ್ಕೆ ಮೂರು ಸಲ ಗೋಲಿಗೆ ಕುಡಿಸಿ."

ಅರ್ಜಿ

ವಾರ ಕಳೆದು ಅದೇ ವ್ಯಾಪಾರಿ ಏಳೆಂಟು ಜನರನ್ನು ಕಟ್ಟಿಕೊಂಡು ಬಂದು ನನ್ನ ಕೈಗೆ ಒಂದು ಅರ್ಜಿ ಕೊಟ್ಟರು. ಎರಡು ಪುಟ, ಕೆಳಗೆ ಸಾಲು ಸಾಲು ಸಹಿ, ಸಹಿ ಬಾರದವರ ಹೆಬ್ಬೆಟ್ಟು. ಗೋಲಿಯನ್ನು ತೆಗೆಯಬೇಕು ಎನ್ನುವುದೇ ಸಾರಾಂಶ. ಆದರೆ ಏನು ಬರವಣಿಗೆ. "ಸದರಿ ಗೋಲಿಯವರು ಕಂಬಗಳ ನಡುವೆ ನಿಂತಿರುವುದಕ್ಕೂ ಯಾರೂ ನಿಲ್ಲದಿರುವುದಕ್ಕೂ ವಿಶೇಷ ವ್ಯತ್ಯಾಸ ಕಂಡುಬಾರದಿರುವ ಕಾರಣ" ಎಂದೆಲ್ಲ ಇತ್ತು. ಓದುತ್ತಾ ಹೋದ ಹಾಗೆ ಆ ಗುಂಡು ಗುಂಡಾದ ಅಕ್ಷರವನ್ನು ಎಲ್ಲೋ ನೋಡಿದ್ದೇನೆ ಅನಿಸಿತು. ಎಲ್ಲಿ ಎಂದು ನೆನಪಾದಾಗ ಕಾಗದ ಕೈಯಿಂದ ಜಾರಿತು.

ನಮ್ಮ ಗೋಲಿಯ ಕೆಲಸ, ತಾಲೂಕು ಕಚೇರಿಯ ಹೊರಗೆ ಕೂತು ಜನರಿಗೆ ಅರ್ಜಿ ಬರೆದುಕೊಡುವುದು. ಮಧ್ಯಾಹ್ನ ಊಟಕ್ಕೂ ಹೋಗದೆ ಅಲ್ಲಿಗೆ ಓಡಿದೆ.

"ಇದು ನಿಮ್ಮ ಅಕ್ಷರ ಅಲ್ವಾ?"

"ಹೌದು. ಅವರಿಗೆ ಬರೆಯಲಿಕ್ಕೆ ಸರಿ ಬರುದಿಲ್ಲ. ನನ್ನ ಹತ್ರ ಬಂದ್ರು."

"ನಿಮ್ಮನ್ನೇ ತೆಗೀಬೇಕು ಅಂತ ಉಂಟಲ್ಲ ಮಾರಾಯ್ರೆ ಇದರಲ್ಲಿ."

"ಉಂಟು. ಅವರು ಹೇಳಿದ್ದು ಮೂರು ಕಾರಣ. ನಾಲ್ಕನೆಯದ್ದು ನಾನು ಸೇರಿಸಿದ್ದು. ಅದಿಲ್ಲದಿದ್ರೆ ಅರ್ಜಿ ನಿಲ್ಲುದಿಲ್ಲ."

ಸವಣೂರಿನಲ್ಲಿ ನಿಂತ ಬಸ್ಸು

ಅರ್ಜಿಯನ್ನು ಡಾಕ್ಟರು ಮೇಜಿನ ಖಾನೆಯಲ್ಲಿಟ್ಟರು. ಅದೇ ಗೋಲಿಯನ್ನು ಕರೆದುಕೊಂಡು ನಾವು ಕಡಬಕ್ಕೆ ಹೋಗಿ ಇನ್ನೊಮ್ಮೆ ಸೋತೆವು. ಹಿಂದೆ ಬರಲಿಕ್ಕೆ ಸಿಕ್ಕಿದ್ದು ಸುಬ್ರಹ್ಮಣ್ಯದಿಂದ ಬರುವ ಬಸ್ಸು. ಅರ್ಧ ಬಸ್ಸು ಯಾತ್ರಿಕರು, ಅರ್ಧ ಬಸ್ಸು ನಾವು. ಗೋಲಿ ಕೊನೆಯ ಸೀಟಿನಲ್ಲಿ ಹೊರಗೆ ನೋಡುತ್ತಾ ಕೂತಿದ್ದರು.

ಡ್ರೈವರನೂ ನಮ್ಮ ಸಂಘದ ಅಭಿಮಾನಿ ಎಂದು ನನಗೆ ಗೊತ್ತಿರಲಿಲ್ಲ. ಸವಣೂರು ಪೇಟೆಯಲ್ಲಿ ಅವನು ಬಸ್ಸು ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಹಿಂದಕ್ಕೆ ತಿರುಗಿ ಕೂತ.

"ಡಾಕ್ಟ್ರೆ, ಗೋಲಿಯನ್ನು ಬದಲು ಮಾಡುದು ಹೌದಾ ಅಲ್ವಾ, ಈಗ ಹೇಳ್ಬೇಕು. ಇಲ್ಲದಿದ್ರೆ ಬಸ್ಸು ಮುಂದೆ ಹೋಗುದಿಲ್ಲ."

"ಅದು ಸಮಿತಿಯಲ್ಲಿ ತೀರ್ಮಾನ ಆಗ್ಬೇಕು," ಎಂದರು ಡಾಕ್ಟರು.

"ಆಗ್ಲಿ. ನಾನು ಕಾಯ್ತೇನೆ."

ಹತ್ತು ನಿಮಿಷವಾಯಿತು. ಕಂಡಕ್ಟರ್ ಕೆಳಗಿಳಿದು ಚಾ ಕುಡಿದು ಬಂದ. ಮುಂದಿನ ಸೀಟಿನಲ್ಲಿ ಪ್ರಸಾದದ ಗಂಟು ಹಿಡಿದುಕೊಂಡಿದ್ದ ಘಟ್ಟದ ಮೇಲಿನ ಅಜ್ಜಿಯೊಬ್ಬರು ಕೇಳಿದರು, "ಏನಪ್ಪಾ, ಗಾಡಿ ಕೆಟ್ಟೋಯ್ತಾ?"

ಆಟ ನೋಡಲಿಕ್ಕೆ ನಮ್ಮ ಜೊತೆಗೇ ಬಂದಿದ್ದ ಅಡಿಕೆ ವ್ಯಾಪಾರಿ ಅವರಿಗೆ ಮೊದಲಿನಿಂದ ಎಲ್ಲವನ್ನೂ ವಿವರಿಸಿದರು. ಅಜ್ಜಿ ಎದ್ದು ನಿಂತು ಕೊನೆಯ ಸೀಟಿನ ಕಡೆ ಚೆನ್ನಾಗಿ ನೋಡಿದರು.

"ಪಾಪ, ಸುಮ್ನೆ ಕೂತವ್ನೆ. ಬದಲಾಯಿಸೋದೇ ಆದ್ರೆ ಮೊದ್ಲು ಈ ಡ್ರೈವರ್ನ ಬದಲಾಯಿಸಿ. ನಾನು ಮಂಗ್ಳೂರು ಬಸ್ ಹಿಡೀಬೇಕು."

ಸಭೆ

ಕೊನೆಗೆ ಒಂದು ಭಾನುವಾರ ಹೋಟೆಲಿನ ಮಾಳಿಗೆಯಲ್ಲಿ ಸಭೆ ಕರೆದೆವು. ವ್ಯಾಪಾರಿ ಎದ್ದು ನಿಂತು, "ಗೋಲಿ ಮಾತ್ರ ಅಲ್ಲ, ಅಧ್ಯಕ್ಷರೂ ಬದಲಾಗಬೇಕು," ಎಂದರು.

ನನಗೆ ಸಿಡಿಲು ಬಡಿದ ಹಾಗಾಯಿತು. ಅಲ್ಲಿದ್ದ ಅರ್ಧ ಜನರ ಮಕ್ಕಳ ಜ್ವರಕ್ಕೆ ಹೊತ್ತು ಗೊತ್ತು ನೋಡದೆ ಎದ್ದು ಹೋದವರು ಡಾಕ್ಟರು. ಅವರು ಮಾತ್ರ ಶಾಂತವಾಗಿ ಪೆನ್ನಿನ ಮುಚ್ಚಳ ತೆಗೆದರು.

"ಸರಿ. ರಾಜೀನಾಮೆ ಈಗಲೇ ಬರೀತೇನೆ. ನನ್ನ ಜಾಗಕ್ಕೆ ಯಾರು ಬರುದು?"

ಕೆಲವರು ತಲೆಯೆತ್ತಿ ಮಾಡಿನ ಹಂಚು ನೋಡಿದರು. ಒಬ್ಬರು ಛತ್ರಿ ಹುಡುಕತೊಡಗಿದರು. ಕೊನೆಗೆ ವ್ಯಾಪಾರಿಯೇ ಗಂಟಲು ಸರಿಮಾಡಿಕೊಂಡರು.

"ಬೇರೆಯವರು ಬರ್ಬೇಕು ಅಂತ ನಾನು ಹೇಳ್ಲಿಲ್ಲ ಡಾಕ್ಟ್ರೆ. ನೀವೇ ಇರಿ. ಇದ್ದುಕೊಂಡೇ ಬದಲಾಗಿ."

ಅಧ್ಯಕ್ಷರು ಹೀಗೆ ಉಳಿದರು. ಗೋಲಿಯನ್ನು ಉಳಿಸಿಕೊಳ್ಳಲಿಕ್ಕೆ ಆಗಲಿಲ್ಲ. ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಎಂಟು ವರ್ಷ ಆ ಕಂಬಗಳ ನಡುವೆ ನಿಂತ ಮನುಷ್ಯ. ಸುದ್ದಿ ಕೇಳಿ, "ಆಯ್ತು," ಎಂದಷ್ಟೇ ಹೇಳಿ ಮಸಿಕುಪ್ಪಿಯ ಮುಚ್ಚಳ ಹಾಕಿದರು. ಮರುದಿನ ಸಂಘದ ಅಂಗಿಯನ್ನು ಒಗೆದು, ಇಸ್ತ್ರಿ ಹಾಕಿ ತಂದುಕೊಟ್ಟರು. ಹೆಗಲಿನಲ್ಲಿ ಹರಿದಿದ್ದ ಕಡೆ ಹೊಲಿಗೆ ಹಾಕಿಸಿದ್ದರು. ಆ ದಿನವಿಡೀ ನನ್ನ ಮನಸ್ಸು ಸರಿಯಿರಲಿಲ್ಲ. ಒಬ್ಬರ ಕುಪ್ಪಿಯನ್ನು ಇನ್ನೊಬ್ಬರಿಗೆ ಕೊಡಲು ಹೋಗಿ ಡಾಕ್ಟರಿಂದ ಬೈಸಿಕೊಂಡೆ.

ಸುಳ್ಯದ ಆಟ

ತಿಂಗಳಾದ ಮೇಲೆ ಸುಳ್ಯದವರ ಜೊತೆ ಅವರ ಊರಿನಲ್ಲೇ ಆಟ. ಹೊಸ ಗೋಲಿ, ಹೊಸ ಹುಮ್ಮಸ್ಸು, ಎರಡು ಬಸ್ಸು ಜನ. ಆಟಗಾರರು ಮೈದಾನಕ್ಕೆ ಇಳಿದರು. ಎದುರಿನ ಗೋಲಿನ ಕಡೆ ನೋಡಿದವನೇ ನಾನು ಡಾಕ್ಟರ ಕೈ ಹಿಡಿದುಕೊಂಡೆ. ಅಲ್ಲಿ ನಿಂತಿದ್ದವರು ನಮ್ಮ ಹಳೆಯ ಗೋಲಿ.

ಅವರ ಹೆಂಡತಿಯ ತವರುಮನೆ ಸುಳ್ಯದ ಹತ್ತಿರದ ಮರ್ಕಂಜ. ಅಲ್ಲಿಗೆ ನೆಂಟರಾಗಿ ಬಂದಿದ್ದರು. ಸುಳ್ಯದ ಗೋಲಿಯ ಕಾಲು ಉಳುಕಿದ್ದರಿಂದ, ಆ ತಂಡದಲ್ಲಿ ಆಡುತ್ತಿದ್ದ ಭಾವ ಇವರನ್ನು ಎಳೆದುಕೊಂಡು ಬಂದಿದ್ದ.

ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ನೋಡಿಯೂ ನಂಬಲಿಲ್ಲ. ನಮ್ಮವರು ಹೊಡೆದ ಬಾಲನ್ನೆಲ್ಲ ಅವರು ಹಿಡಿದರು. ಎಡಕ್ಕೆ ಹಾರಿ ಒಂದು, ಬಲಕ್ಕೆ ಬಿದ್ದು ಇನ್ನೊಂದು, ಮುಷ್ಟಿಯಲ್ಲಿ ಗುದ್ದಿ ಮತ್ತೊಂದು. ಎಂಟು ವರ್ಷದಲ್ಲಿ ನಮಗೆ ತೋರಿಸದ ಆಟ. ನಮ್ಮ ಕಡೆಯ ಜನ ಮೊದಲು ಗುರುಗುಟ್ಟಿದರು, ಆಮೇಲೆ ಡಾಕ್ಟರ ಕಡೆ ತಿರುಗಿದರು. ಎಲ್ಲರಿಗಿಂತ ಮುಂದೆ ಅಡಿಕೆ ವ್ಯಾಪಾರಿ.

"ಇಂಥ ಗೋಲಿಯನ್ನು ಸಂಘದಿಂದ ತೆಗೆದದ್ದು ಯಾರು ಡಾಕ್ಟ್ರೆ? ನಮಗೆ ಉತ್ತರ ಬೇಕು."

ನಾನು ಡಾಕ್ಟರಿಗೆ ನೀರು ಕುಡಿಸಿದೆ.

ಎರಡೂ ಕಡೆಯವರು ಒಂದೂ ಗೋಲು ಹೊಡೆಯದೆ, ಆಟ ಮುಗಿಯಲಿಕ್ಕೆ ಎರಡು ನಿಮಿಷ ಇರುವಾಗ ನಮ್ಮ ಆಟಗಾರನೊಬ್ಬ ಜಾರಿ ಬಿದ್ದ. ಬೀಳುವಾಗ ಅವನ ಹಿಮ್ಮಡಿ ತಾಗಿ ಬಾಲು ಮೆಲ್ಲಗೆ ಉರುಳುತ್ತಾ ಗೋಲಿನ ಕಡೆ ಹೋಯಿತು. ಮಗುವೂ ಹಿಡಿಯಬಹುದಾದ ಬಾಲು. ನಮ್ಮ ಹಳೆಯ ಗೋಲಿ ಬಗ್ಗಿದರು, ಎರಡೂ ಕೈ ಚಾಚಿದರು. ಬಾಲು ಅವರ ಕಾಲಿನ ಸಂದಿಯಲ್ಲಿ ಒಳಗೆ ಹೋಯಿತು.

ಆ ವರ್ಷ ನಾವು ಗೆದ್ದ ಮೊದಲನೆಯ ಆಟ ಅದು. ಸೀಟಿ ಊದಿದ ಕೂಡಲೇ ನಮ್ಮ ಜನ ಮೈದಾನಕ್ಕೆ ನುಗ್ಗಿದರು. ಗೋಲು ಹೊಡೆದವನನ್ನು ಎತ್ತುತ್ತಾರೆ ಎಂದುಕೊಂಡೆ. ಅವನನ್ನು ದಾಟಿಕೊಂಡು ಓಡಿ ಹೋಗಿ ಸುಳ್ಯದ ಅಂಗಿಯಲ್ಲಿದ್ದ ಗೋಲಿಯನ್ನು ಹೆಗಲ ಮೇಲೆ ಹೊತ್ತರು. ಒಂದು ಕಾಲು ವ್ಯಾಪಾರಿಯ ಹೆಗಲಿನಲ್ಲೇ ಇತ್ತು. ಸುಳ್ಯದವರು ಕಲ್ಲಿನ ಹಾಗೆ ನಿಂತು ನೋಡುತ್ತಿದ್ದರು.

"ಇಳಿಸಿ ಮಾರಾಯ್ರೆ," ಎಂದು ಗೋಲಿ ಮೇಲಿನಿಂದ ಬೇಡಿಕೊಂಡರು. "ನಾನು ಸೋತವರ ಕಡೆಯವ."

"ಗೊತ್ತುಂಟು," ಎಂದರು ವ್ಯಾಪಾರಿ ಏದುಸಿರು ಬಿಡುತ್ತಾ. "ಎಂಟು ವರ್ಷ ನಮ್ಮ ಕಡೆ ನಿಂತು ಮಾಡಿದ್ದನ್ನು ಇವತ್ತು ಸರಿಯಾದ ಕಡೆ ನಿಂತು ಮಾಡಿದ್ರಿ."