ಡಬ್ಬಿ ತೋರಿದ ದಿಕ್ಕು

ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಆಂಟೆನಾ ಪಾಠ ಹೇಳಿದ ನನ್ನ ಮನೆಯಲ್ಲೇ ಕಳ್ಳ ವೈಫೈ! ಸಂಜೆಯೊಳಗೆ ಹಿಡಿಯದಿದ್ದರೆ ನನ್ನ ಹೆಸರಿನ ಹಿಂದಿನ ‘ಡಾಕ್ಟರ್’ ಅಳಿಸಿಬಿಡಿ ಎಂದು ತಿಂಡಿಯ ಹೊತ್ತಿಗೆ ಘೋಷಿಸಿದೆ.

ನಮ್ಮ ಮನೆಯ ಸಂವಿಧಾನ ಸರಳ. ಒಂದೇ ವೈಫೈ, ದಿನಕ್ಕೆ ಎರಡು ಗಂಟೆ. ಪಾಸ್‌ವರ್ಡ್ ನನ್ನ ಕೈಯಲ್ಲಿ, ಪ್ರತಿ ಸೋಮವಾರ ಬದಲು. ಹೀಗಿರುವಾಗ ಫೋನಿನ ವೈಫೈ ಪಟ್ಟಿಯಲ್ಲಿ ‘ಹೇಳಬೇಡಿ’ ಎಂಬ ಹೊಸ ಹೆಸರು ಕಾಣಿಸಿತು. ಹೋದ ತಿಂಗಳು ಇನ್ನೊಂದು ಗಂಟೆ ಕೇಳಿದ್ದವಳು ಸೊಸೆ. ಅನುಮಾನಕ್ಕೆ ಇನ್ನೇನು ಬೇಕು?

ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಆಂಟೆನಾ ಮಾಡಿ ಲ್ಯಾಪ್‌ಟಾಪಿಗೆ ಜೋಡಿಸಿದೆ. ಡಬ್ಬಿಯ ಬಾಯಿ ಎತ್ತ ತಿರುಗಿದಾಗ ಪರದೆಯ ಮೇಲೆ ಸಿಗ್ನಲ್ಲಿನ ಅಂಕಿ ಏರುತ್ತದೋ ಅತ್ತ ಕಳ್ಳ. ಅಂಕಿ ಬರೆದುಕೊಳ್ಳಲು ಯಜಮಾನರು ಸ್ವೆಟರ್ ತೊಟ್ಟು, ನೋಟ್‌ಬುಕ್ ಹಿಡಿದು, ನಾನು ತಿರುಗಿದಂತೆಲ್ಲ ತಾವೂ ತಿರುಗಿ ನನ್ನ ಬೆನ್ನ ಹಿಂದೆಯೇ ಬಂದರು. ಅಡುಗೆಮನೆಯಲ್ಲಿ ಅಂಕಿ ತೂಕಡಿಸಿತು. ನಡುಮನೆಯಲ್ಲೂ ಅದೇ ತೂಕಡಿಕೆ. ಮಗ–ಸೊಸೆಯ ಕೋಣೆಯ ಉಕ್ಕಿನ ಬೀರುವಿನ ಮುಂದೆ ನಿಂತೆನೋ ಇಲ್ಲವೋ, ಜಿಗಿಯಿತು!

“ಬೀರು ತೆಗಿ,” ಎಂದೆ.

ಸೊಸೆ ಹಲ್ಲಿನ ವೈದ್ಯೆ. ಯಾರ ಬಾಯಿ ತೆರೆಸುವಾಗಲೂ ದನಿ ಏರಿಸುವವಳಲ್ಲ. “ತೆಗೀತೀನಿ ಅತ್ತೆ. ಏನೂ ಸಿಗಲಿಲ್ಲ ಅಂದ್ರೆ ಮುಂದಿನ ತಿಂಗಳು ನಾವು ಬೇರೆ ಮನೆ ಮಾಡ್ತೀವಿ.”

ಮಗ ಗೋಡೆ ನೋಡಿದ. ಆದರೂ ವಿಜ್ಞಾನ ನನ್ನ ಪಕ್ಷ.

ಸೀರೆ, ಟವೆಲ್ಲು, ಕೆಳಗಿನ ಅರೆಯಲ್ಲಿ ಬಿಳಿ ಬಟ್ಟೆ ಸುತ್ತಿದ ದಪ್ಪ ಗಂಟು. ದಿಗ್ವಿಜಯದ ಠೀವಿಯಿಂದ ಬಿಚ್ಚಿದೆ. ನನ್ನದೇ ಪಿಎಚ್‌ಡಿ ಪ್ರಬಂಧ! ನಾನು ರದ್ದಿಗೆ ಹಾಕಿದ್ದನ್ನು ಅವಳು ಎತ್ತಿಟ್ಟಿದ್ದಳು. ಶೀರ್ಷಿಕೆಯನ್ನು ಅವಳೇ ಓದಿದಳು: “ಲೋಹದ ಮೇಲ್ಮೈಗಳಿಂದ ರೇಡಿಯೋ ತರಂಗಗಳ ಪ್ರತಿಫಲನ.”

ಆ ಬೀರು ನನ್ನ ಮೇಲೆ ಬಿದ್ದಿದ್ದರೆ ಚೆನ್ನಾಗಿತ್ತು. ತರಂಗಗಳಿಗೆ ಬೀರು ಬರೀ ಕನ್ನಡಿ. ಕನ್ನಡಿಯಲ್ಲಿ ಕಂಡ ಕಳ್ಳನನ್ನು ಕನ್ನಡಿಯೊಳಗೆ ಹುಡುಕಿದ್ದೆ. ಕಳ್ಳ ಇದ್ದದ್ದು ಬೆನ್ನ ಹಿಂದೆ. ತಿರುಗಿದೆ. ಯಜಮಾನರ ಸ್ವೆಟರಿನ ಜೇಬಿನಲ್ಲಿ ಪುಟ್ಟ ವೈಫೈ ಯಂತ್ರದ ಹಸಿರು ದೀಪ ಮಿಣುಕುತ್ತಿತ್ತು.

“ಚೆಸ್ ಆಡೋಕೆ ಎರಡು ಗಂಟೆ ಸಾಲಲ್ಲ ಕಣೇ,” ಎಂದರು. “ಅಂಕಿ ಮಾತ್ರ ಸರಿಯಾಗೇ ಬರ್ಕೊಂಡಿದೀನಿ.”

“ತಪ್ಪಾಯಿತು,” ಎಂದೆ ಸೊಸೆಗೆ. ಆ ಮಾತನ್ನು ಅಲ್ಲಿಯವರೆಗೆ ವಿದ್ಯಾರ್ಥಿಗಳ ಬಾಯಲ್ಲಷ್ಟೇ ಕೇಳಿದ್ದೆ. ಪಾಸ್‌ವರ್ಡಿನ ಅಧಿಕಾರ ತನಗೆ ಬಿಟ್ಟುಕೊಡಬೇಕೆಂಬ ಷರತ್ತಿನ ಮೇಲೆ ಅವಳು ಬೇರೆ ಮನೆಯ ಮಾತು ಬಿಟ್ಟಳು.

ಈಗ ಸೋಮವಾರ ಬಂದರೆ ನಾನೂ ಅವಳ ಮುಂದೆ ಕೈಕಟ್ಟಿ ನಿಲ್ಲುತ್ತೇನೆ. ಈ ವಾರದ ಪಾಸ್‌ವರ್ಡ್ ನನ್ನ ಪ್ರಬಂಧದ ಶೀರ್ಷಿಕೆ, ಪೂರ್ತಿ. ನಿನ್ನೆ ಮೂರು ಸಲ ತಪ್ಪಾಗಿ ಬರೆದೆ.